ಎದುರಂಗಡಿಯ ಬೋಣಿ

ಹೊಸಪೇಟೆಯ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಎರಡು ಝೆರಾಕ್ಸ್ ಅಂಗಡಿಗಳು ಎದುರುಬದುರಾಗಿದ್ದವು. ಒಂದು ಪಂಪಣ್ಣನದು, ಇನ್ನೊಂದು ಮಲ್ಲೇಶನದು. ನಡುವಿನ ರಸ್ತೆ ಎರಡು ಗಾಡಿ ಪಕ್ಕಪಕ್ಕ ಹಾಯುವಷ್ಟು ಅಗಲ, ಅಷ್ಟೇ. ಆ ರಸ್ತೆ ದಾಟಲಾರದೆ ನಮ್ಮ ಮಲ್ಲೇಶ ಸಂಡೂರಿನ ತನಕ ಬೈಕಿನಲ್ಲಿ ಹೋಗಿಬರುತ್ತಿದ್ದ. ಜಂಬಕ್ಕೆ ಎಷ್ಟು ಪೆಟ್ರೋಲು ಬೇಕಾಗುತ್ತದಪ್ಪ ಎಂದು ಯಾರಾದರೂ ಅವನನ್ನು ಕೇಳಬೇಕಿತ್ತು.

ಮಲ್ಲೇಶ ಕೆಲಸ ಕಲಿತದ್ದೇ ಪಂಪಣ್ಣನ ಅಂಗಡಿಯಲ್ಲಿ. ಪಿಯುಸಿಯಲ್ಲಿ ಡುಮ್ಕಿ ಹೊಡೆದು ಬಂದವನನ್ನು ಪಂಪಣ್ಣ ಕೂರಿಸಿಕೊಂಡು ಟೋನರ್ ತುಂಬುವುದರಿಂದ ಹಿಡಿದು ಕನ್ನಡ ಟೈಪಿಂಗಿನವರೆಗೆ ಎಲ್ಲ ಹೇಳಿಕೊಟ್ಟಿದ್ದ. ಕಂಪ್ಯೂಟರನ್ನು ನಡೆಸುವ, ದುಡ್ಡಿಲ್ಲದೆ ಸಿಗುವ ಲಿನಕ್ಸ್ ಎಂಬ ಸಾಫ್ಟ್‌ವೇರಿನ ಹೆಸರು ಮಲ್ಲೇಶನ ಕಿವಿಗೆ ಬಿದ್ದದ್ದೂ ಅಲ್ಲೇ. ಕೇಳಿದವರಿಗೆಲ್ಲ ಪರದೇಶದಿಂದ ಪುಕ್ಕಟೆಯಾಗಿ ಅಂಚೆಯಲ್ಲಿ ಅದರ ಸಿ.ಡಿ. ಬರುತ್ತಿದ್ದ ಕಾಲ ಅದು. ಮಲ್ಲೇಶ ಪಂಪಣ್ಣನ ಅಂಗಡಿಯ ವಿಳಾಸ ಕೊಟ್ಟು ಒಂದು ಕಟ್ಟು ತರಿಸಿಕೊಂಡ. ಅದಿರಿನ ಆಫೀಸುಗಳಿಂದ ಬರುತ್ತಿದ್ದ ಪೆನ್ ಡ್ರೈವುಗಳು ಒಂದೊಂದೂ ವೈರಸ್ಸಿನ ಗೂಡು. ಕಾಸು ಕೊಡದೆ ಕಾಪಿ ಮಾಡಿದ ಸಾಫ್ಟ್‌ವೇರ್ ಹಾಕಿದ್ದ ಪಂಪಣ್ಣನ ಕಂಪ್ಯೂಟರು ವಾರಕ್ಕೊಮ್ಮೆ ಮಲಗುತ್ತಿತ್ತು, ಮಲ್ಲೇಶ ವಾರಕ್ಕೊಮ್ಮೆ ಎಬ್ಬಿಸುತ್ತಿದ್ದ. ಲಿನಕ್ಸ್ ಹಾಕಿದರೆ ಈ ರಗಳೆ ಇರದು ಎಂದರೆ ಪಂಪಣ್ಣ, 'ನಂಗ್ಯಾಕೋ ಮಾರಾಯ ಹೊಸಾದು, ಇದಾ ಇರ್ಲಿ' ಎಂದು ನಗುತ್ತಿದ್ದ.

ಊರಿನಲ್ಲಿ ಅದಿರಿನ ದುಡ್ಡು ಹರಿದಾಡತೊಡಗಿದಾಗ ಮಲ್ಲೇಶನಿಗೂ ಸ್ವಂತ ಅಂಗಡಿಯ ಆಸೆ ಹುಟ್ಟಿತು. ಹುಟ್ಟಲಿ, ತಪ್ಪೇನಿಲ್ಲ. ಬಾಡಿಗೆಗೆ ಸಿಕ್ಕಿದ ಮಳಿಗೆ ಸರಿಯಾಗಿ ಎದುರಿಗೇ ಆಯಿತು. ಅದಕ್ಕೂ ಪಂಪಣ್ಣ ಮುಖ ಗಂಟು ಹಾಕಲಿಲ್ಲ. ಅಂಗಡಿ ಪೂಜೆಯ ದಿನ ಎಲ್ಲರಿಗಿಂತ ಮೊದಲು ಬಂದು, ಒಂದು ಹಾಳೆ ಝೆರಾಕ್ಸ್ ಮಾಡಿಸಿ, ಐವತ್ತರ ನೋಟು ಕೊಟ್ಟು ಚಿಲ್ಲರೆ ಕೇಳದೆ ಹೋದ. ಬೋಣಿ ಎಂದರೆ ವ್ಯಾಪಾರದವರಿಗೆ ಸಾಮಾನ್ಯವೇ? ಮಲ್ಲೇಶ ಆ ನೋಟನ್ನು ಕಣ್ಣಿಗೆ ಒತ್ತಿಕೊಂಡು ಗಲ್ಲಾದ ದೇವರ ಪಟದ ಮುಂದಿಟ್ಟಿದ್ದ.

ಆಮೇಲೆ ಒಂದು ತಿಂಗಳೂ ಕಳೆದಿರಲಿಲ್ಲ, ಬೋರ್ಡು ಬರೆಸಿದ. ಹಳದಿ ಬಣ್ಣದ ಮೇಲೆ ಕೆಂಪು ಅಕ್ಷರ: 'ನಮ್ಮಲ್ಲಿ ಕಳ್ಳ ಸಾಫ್ಟ್‌ವೇರ್ ಇಲ್ಲ. ಅಸಲಿ ಲಿನಕ್ಸ್. ಝೆರಾಕ್ಸ್, ಪ್ರಿಂಟ್, ಸ್ಕ್ಯಾನ್, ಇ-ಮೇಲ್.' ಬೀದಿಯಲ್ಲಿ ಇದ್ದದ್ದು ಎರಡೇ ಅಂಗಡಿ. ಕಳ್ಳ ಸಾಫ್ಟ್‌ವೇರ್ ಇಲ್ಲಿಲ್ಲ ಎಂದರೆ ಎಲ್ಲಿದೆ ಎಂದು ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಮಲ್ಲೇಶನ ಹೆಂಡತಿ ಸುನಿತಾ ಬೋರ್ಡು ಏರಿದ ದಿನ, 'ಮೊದಲನೇ ಸಾಲು ಬ್ಯಾಡಾಗಿತ್ರಿ, ಅವ್ರ ಅನ್ನ ಉಂಡೀರಿ' ಎಂದಳು. ಅವನು ಕೇಳಿಸಿಕೊಳ್ಳಲಿಲ್ಲ. ಪಂಪಣ್ಣ ಮಾತ್ರ ಮರುದಿನವೂ ಎಂದಿನಂತೆ ಬಾಗಿಲು ತೆಗೆದು, ನೀರು ಚಿಮುಕಿಸಿ, ಊದುಬತ್ತಿ ಹಚ್ಚಿ, ಕನ್ನಡಕ ಹಣೆಯ ಮೇಲೆ ಏರಿಸಿಕೊಂಡು ಕುಳಿತ.

ಬೋರ್ಡಿನಲ್ಲಿ ಸ್ಕ್ಯಾನ್ ಎಂದು ಬರೆಸಿದಾಗ ಮಲ್ಲೇಶನ ಬಳಿ ಸ್ಕ್ಯಾನರೇ ಇರಲಿಲ್ಲ. ದಸರೆಯ ಹೊತ್ತಿಗೆ ಬಳ್ಳಾರಿಯಿಂದ ತಂದ. ಪ್ರಿಂಟು, ಝೆರಾಕ್ಸು, ಸ್ಕ್ಯಾನು, ಮೂರನ್ನೂ ಒಂದೇ ಮೈಯಲ್ಲಿ ಇಟ್ಟುಕೊಂಡ ಯಂತ್ರ. ವಿಭೂತಿ ಬಳಿದು, ಹೂವಿಟ್ಟು, ಕಾಯಿ ಒಡೆದು ಕಂಪ್ಯೂಟರಿಗೆ ಜೋಡಿಸಿದ. ಪ್ರಿಂಟರು ಸಲೀಸಾಗಿ ಸೇರಿಕೊಂಡಿತು. ಲಿನಕ್ಸಿನ ಪಟ್ಟಿಯಲ್ಲಿ ಅದೇ ಮಾಡೆಲ್ ಇರದಿದ್ದರೂ ಅದರ ಅಣ್ಣತಮ್ಮನಂಥದ್ದೊಂದು ಇತ್ತು, ಆರಿಸಿದ ಕೂಡಲೇ ಮೊದಲ ಹಾಳೆ ಗರಗರನೆ ಹೊರಬಂತು. ಝೆರಾಕ್ಸಿಗೆ ಕಂಪ್ಯೂಟರಿನ ಹಂಗೇ ಇರಲಿಲ್ಲ. ಸ್ಕ್ಯಾನ್ ಒಂದು ಉಳಿಯಿತು. ಗುಂಡಿ ಒತ್ತಿದರೆ, ಯಾವ ಸ್ಕ್ಯಾನರೂ ಸಿಗಲಿಲ್ಲ ಎಂದು ಪರದೆಯ ಮೇಲೆ ಬಂತು. ಯಂತ್ರವೋ ಮೊಳದಾಚೆ ಹಸಿರು ದೀಪ ಉರಿಸಿಕೊಂಡು ಕುಳಿತಿತ್ತು.

ಕೇಬಲ್ ಬದಲಾಯಿಸಿದ. ಬೇರೆ ತೂತಿಗೆ ಚುಚ್ಚಿದ. ಇದ್ದದ್ದನ್ನೆಲ್ಲ ಅಳಿಸಿ ಲಿನಕ್ಸನ್ನು ಮತ್ತೆ ಹಾಕಿದ. ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಹತ್ತು ಜನ ಹತ್ತು ಥರ ಹೇಳುತ್ತಿದ್ದರು, ಅವನ ಇಂಗ್ಲಿಷಿಗೆ ಅರ್ಧ ದಕ್ಕುತ್ತಿತ್ತು. ಯಾರನ್ನಾದರೂ ಕೇಳಬಹುದಿತ್ತು. ಕೇಳಿದರೆ ಬೋರ್ಡು ಏನಾಗಬೇಕು? ಊರಿನ ಝೆರಾಕ್ಸ್ ಅಂಗಡಿಯವರೆಲ್ಲ ಒಂದೇ ಹೋಟೆಲಿನಲ್ಲಿ ಚಹಾ ಕುಡಿಯುವವರು. ಬೆಳಿಗ್ಗೆ ಒಬ್ಬನ ಕಿವಿಗೆ ಬಿದ್ದರೆ ಮಧ್ಯಾಹ್ನ ಪಂಪಣ್ಣನಿಗೆ ಗೊತ್ತಾಗುತ್ತಿತ್ತು. ಹಾಗಾಗಿ ಅವನೊಂದು ಉಪಾಯ ಹೂಡಿದ. ಸ್ಕ್ಯಾನಿಗೆ ಬಂದವರಿಗೆ, 'ಭಾಳ ಕೆಲಸ ಐತ್ರಿ, ಕಾಗದ ಬಿಟ್ಟು ಹೋಗ್ರಿ, ನಾಳೆ ಬರ್ರಿ' ಎನ್ನುವುದು. ಸಂಜೆ ಬೈಕ್ ಹತ್ತಿ ಸಂಡೂರಿನಲ್ಲಿ ಅಂಗಡಿ ಇಟ್ಟಿದ್ದ ಸುನಿತಾಳ ಚಿಕ್ಕಪ್ಪನ ಮಗ ಜಂಬಯ್ಯನ ಬಳಿ ಸ್ಕ್ಯಾನ್ ಮಾಡಿಸಿಕೊಂಡು ಬರುವುದು. ಜಂಬಯ್ಯನ ಕಂಪ್ಯೂಟರಿನಲ್ಲಿ ಇದ್ದದ್ದು ಅಪ್ಪಟ ಕಳ್ಳ ಮಾಲು. ಹೋಗುವಾಗಲೆಲ್ಲ ಮಲ್ಲೇಶನಿಗೆ ಒಳಗೆ ಚುಚ್ಚುತ್ತಿತ್ತು. ಚುಚ್ಚಿದರೂ ಹೋಗುತ್ತಿದ್ದ.

ಆ ಬುಧವಾರ ಬಾಗಿಲು ತೆಗೆದು ಊದುಬತ್ತಿ ಹಚ್ಚುತ್ತಿದ್ದಂತೆಯೇ ತಾಯಿ ಮಗಳು ಇಬ್ಬರು ಮೆಟ್ಟಿಲ ಬಳಿ ಬಂದು ನಿಂತರು. ಕಂಪ್ಲಿ ಕಡೆಯ ಮೆಟ್ರಿ ಎಂಬ ಹಳ್ಳಿಯವರು. ತಾಯಿ ಹೊಳೆಮ್ಮ, ಗದ್ದೆ ಕೆಲಸದ ಹೆಂಗಸು. ಮಗಳು ಗಾಯತ್ರಿ ನರ್ಸಿಂಗ್ ಮುಗಿಸಿದ್ದಳು. ಬಳ್ಳಾರಿಯ ಆಸ್ಪತ್ರೆಯೊಂದು ಅವಳನ್ನು ಕೆಲಸಕ್ಕೆ ಆರಿಸಿತ್ತು. ಇವತ್ತು ಸಂಜೆ ಐದರೊಳಗೆ ಒರಿಜಿನಲ್ ಸರ್ಟಿಫಿಕೇಟುಗಳನ್ನು ಬಣ್ಣದಲ್ಲಿ ಸ್ಕ್ಯಾನ್ ಮಾಡಿ ಇ-ಮೇಲ್ ಕಳಿಸಬೇಕು, ಇಲ್ಲವಾದರೆ ಮುಂದಿನ ಹುಡುಗಿಗೆ ಫೋನ್ ಹೋಗುತ್ತದೆ ಎಂದು ಹೇಳಿದ್ದರು.

'ಎದುರಿನ ಅಂಗಡೀಗೆ ಹೊಂಟಿದ್ವಿ,' ಎಂದಳು ಹೊಳೆಮ್ಮ. 'ಇಕೀ ನಿಮ್ಮ ಬೋರ್ಡು ಓದಿದ್ಲು ನೋಡಪ್ಪ. ಕಳ್ಳತನ ಇಲ್ಲ ಅಂತ ಬರ್ದಾರವ್ವ, ಒರಿಜಿನಲ್ ಕಾಗದ ನಂಬಿ ಕೊಡಾಕ ಇದಾ ಚಲೋದು ಅಂದ್ಲು.'

ಮಲ್ಲೇಶ ಅವರನ್ನು ಎದುರಿನ ಅಂಗಡಿಗೇ ಕಳಿಸಬಹುದಿತ್ತು. ಆದರೆ ಅದು ದಿನದ ಬೋಣಿ. ಮೊದಲ ಗಿರಾಕಿಯನ್ನು ಬರಿಗೈಯಲ್ಲಿ ಕಳಿಸಿದರೆ ದಿನವಿಡೀ ಗಲ್ಲಾ ಖಾಲಿ ಎಂದು ಅವನಿಗೆ ಕಲಿಸಿದವನೇ ಪಂಪಣ್ಣ. ಅಂಥ ಗಿರಾಕಿಯನ್ನು ಕೈಯಾರೆ ಪಂಪಣ್ಣನ ಮೆಟ್ಟಿಲಿಗೆ ಹತ್ತಿಸುವುದೆಂದರೆ ಅವನಿಗೆ ಮೈಯೆಲ್ಲ ಉರಿದಂತಾಯಿತು. 'ಕೊಟ್ಟು ಹೋಗ್ರಿ, ನಾಲ್ಕಕ್ಕ ಬರ್ರಿ, ನಿಮ್ಮ ಕಣ್ಣೆದುರಿಗೇ ಕಳಿಸ್ತೀನಿ' ಎಂದ. ತಾಯಿ ಸೆರಗಿನ ಗಂಟಿನಿಂದ ತೆಗೆದುಕೊಟ್ಟ ರೊಕ್ಕವನ್ನು ಗಾಯತ್ರಿ ಮುಂದೆ ಹಿಡಿದಳು. 'ಕೆಲಸ ಆದ ಮ್ಯಾಲ ಕೊಡ್ರಿ' ಎಂದು ಮಲ್ಲೇಶ ದೊಡ್ಡ ಮನುಷ್ಯನಂತೆ ಕೈ ಆಡಿಸಿದ.

'ಇಷ್ಟು ದೂರ ಬಂದೀವಿ, ಹಂಪಿಗೆ ಹೋಗಿ ವಿರೂಪಾಕ್ಷಗ ಕೈಮುಗುದು ಬರ್ತೀವಪ್ಪ' ಎಂದು ಹೊಳೆಮ್ಮ ಮಗಳ ಕೈಹಿಡಿದು ಹೊರಟಳು. ಹುಡುಗಿ ಎರಡು ಸಲ ಹಿಂತಿರುಗಿ ತನ್ನ ಕಾಗದದ ಕವರನ್ನು ನೋಡಿದಳು.

ಅವರು ತಿರುವು ದಾಟಿದ ಮೇಲೆ ಕೌಂಟರಿನ ಹಿಂದಿದ್ದ ಸುನಿತಾ ಬಾಯಿ ಬಿಟ್ಟಳು. 'ಏನ್ ಮಾಡ್ತೀರಿ ಈಗ?'

'ಸಂಡೂರಿಗೆ ಹೋಗಿ ಬರ್ತೀನಿ.'

'ಸಂಡೂರು ರಸ್ತಿ ಗೊತ್ತೈತಲ್ಲ. ಲಾರಿ ನಿಂತ್ರ ಮುಗೀತು. ಎದುರಿಗೆ ಪಂಪಣ್ಣಾರ್ ಅದಾರ್ರಿ. ಎರಡು ನಿಮಿಷದ ಕೆಲಸ.'

'ನೀ ಸುಮ್ನಿರು' ಎಂದವನೇ ಕವರನ್ನು ಅಂಗಿಯೊಳಗೆ ಸೇರಿಸಿಕೊಂಡು ಬೈಕಿಗೆ ಒದ್ದ. ಪಾಪ, ಬೈಕು ಏನು ಮಾಡಿತ್ತು.

ಆ ವರ್ಷಗಳಲ್ಲಿ ಸಂಡೂರು ರಸ್ತೆ ಎಂದರೆ ಲಾರಿಗಳ ರಸ್ತೆ. ಊರು ದಾಟಿ ಸ್ವಲ್ಪ ದೂರ ಹೋಗುತ್ತಲೇ ಸಾಲು ಸಿಕ್ಕಿತು. ಒಂದರ ಹಿಂದೊಂದು ಅದಿರು ತುಂಬಿದ ಲಾರಿಗಳು, ಡ್ರೈವರುಗಳು ಕೆಳಗಿಳಿದು ನೆರಳಿನಲ್ಲಿ ಅನ್ನ ಬೇಯಿಸುತ್ತಿದ್ದರು. ಅನ್ನಕ್ಕೆ ಇಟ್ಟಿದ್ದಾರೆಂದರೆ ಬೇಗ ಕದಲುವ ಸಾಲಲ್ಲ. ಮುಂದೆ ಘಾಟಿನಲ್ಲಿ ಒಂದು ಲಾರಿ ಅಡ್ಡ ಬಿದ್ದಿದೆ ಎಂದರು. ಮಲ್ಲೇಶ ಲಾರಿಗಳ ಸಂದಿಯಲ್ಲಿ, ರಸ್ತೆಯ ಅಂಚಿನಲ್ಲಿ, ಎಲ್ಲೂ ಆಗದಿದ್ದಲ್ಲಿ ಇಳಿದು ತಳ್ಳಿಕೊಂಡು ನುಸುಳಿದ. ಕೆಂಪು ಧೂಳು ಬಾಯಿಗೆ, ಕಣ್ಣಿಗೆ, ಕಿವಿಗೆ ತುಂಬಿತು. ಅಂತೂ ಸಂಡೂರು ಮುಟ್ಟಿದಾಗ ಮಧ್ಯಾಹ್ನ ದಾಟಿತ್ತು. ಜಂಬಯ್ಯ ಅಂಗಡಿಯ ಮುಂದೆ ಬೀಸಣಿಗೆ ಹಿಡಿದು ಕುಳಿತಿದ್ದ.

'ಕರೆಂಟ್ ಇಲ್ಲ ಮಾವ,' ಎಂದ. 'ಲೈನ್ ಕೆಲಸ ಐತಂತ. ಸಂಜಿ ಆರಕ್ಕ ಬರ್ತೈತಿ.'

ಮಲ್ಲೇಶ ಅಂಗಡಿಯ ಮುಂದಿನ ಬೆಂಚಿನ ಮೇಲೆ ಕುಳಿತ. ಕರೆಂಟ್ ಬಂದರೂ ಬರಬಹುದೆಂದು ಸ್ವಲ್ಪ ಹೊತ್ತು ಕಾದ. ಮೊದಲ ಸಲ ಅವನಿಗೆ ತಾನೇನು ಮಾಡುತ್ತಿದ್ದೇನೆಂಬುದು ನಿಚ್ಚಳವಾಗಿ ಕಂಡಿತು. ಹುಡುಗಿಯೊಬ್ಬಳ ಕೆಲಸವನ್ನು ಅಂಗಿಯೊಳಗೆ ಇಟ್ಟುಕೊಂಡು ಅವನು ಇಷ್ಟು ದೂರ ಬಂದದ್ದು ಒಂದು ಬೋರ್ಡು ಉಳಿಸುವುದಕ್ಕೆ. ಅವಳು ಹಂಪಿಯಲ್ಲಿ ಕೈಮುಗಿದು ನಿಂತಿರಬಹುದು. ಜಂಬಯ್ಯ ಕೊಟ್ಟ ನೀರನ್ನೂ ಕುಡಿಯದೆ ಎದ್ದು ಬೈಕ್ ತಿರುಗಿಸಿದ. ಬಂದ ದಾರಿಯಲ್ಲೇ, ಅದೇ ಲಾರಿಗಳ ನಡುವೆ, ಅದೇ ಧೂಳಿನಲ್ಲಿ ವಾಪಸು ನುಸುಳಬೇಕಾಯಿತು. ದಾರಿಯುದ್ದಕ್ಕೂ ಅವನು ತನ್ನನ್ನು ತಾನು ಬೈದುಕೊಂಡ ಬೈಗುಳಗಳನ್ನು ಇಲ್ಲಿ ಬರೆಯುವಂತಿಲ್ಲ.

ಅಂಗಡಿ ಮುಟ್ಟಿದಾಗ ಐದಕ್ಕೆ ಕಾಲು ಗಂಟೆ ಉಳಿದಿತ್ತು. ಹೊಳೆಮ್ಮ ಮೆಟ್ಟಿಲ ಮೇಲೆ ಕುಳಿತಿದ್ದಳು. ಗಾಯತ್ರಿ ನಿಂತೇ ಇದ್ದಳು, ಬಹುಶಃ ನಾಲ್ಕರಿಂದಲೂ ಕುಳಿತಿರಲಿಲ್ಲ. ಸುನಿತಾ ಕೌಂಟರಿನ ಹಿಂದಿನಿಂದ ಗಂಡನ ಮುಖ ನೋಡಿದಳು, ಅಷ್ಟರಲ್ಲೇ ಅವಳಿಗೆ ಎಲ್ಲ ಗೊತ್ತಾಯಿತು.

'ಏನಪ್ಪಾ ಇದು, ಮೈಯೆಲ್ಲ ಕೆಂಪಾಗೈತಿ,' ಎಂದು ಹೊಳೆಮ್ಮ ಎದ್ದಳು. 'ಏನೋ ಸಾಮಾನು ತರಾಕ ಹೋಗ್ಯಾರ ಅಂದ್ಲು ನಿನ್ನ ಹೇಣ್ತಿ. ನಮ್ಮ ಸಲುವಾಗಿ ಎಷ್ಟು ಕಷ್ಟಪಟ್ಟಿ. ತಗೋ, ಹಂಪಿ ವಿಭೂತಿ.' ಸೆರಗಿನ ಗಂಟು ಬಿಚ್ಚಿ ಅವನ ಹಣೆಗೆ ತಾನೇ ಹಚ್ಚಿದಳು. ಧೂಳಿನ ಮೇಲೆ ಬೆರಳಿನ ಗುರುತು ಮೂಡಿತು. 'ಉಂಡಿಲ್ಲ ಅನಸ್ತೈತಿ. ರೊಟ್ಟಿ ಉಳಿದಾವ, ತಿಂತೀಯೇನು?'

ಸರ್ವರ್ ಡೌನ್ ಆಗೈತಿ ಎಂಬ ಮಾತು ಮಲ್ಲೇಶನ ನಾಲಿಗೆಯ ತುದಿಯಲ್ಲೇ ಇತ್ತು. ಹಳ್ಳಿಯ ಜನ, ನಂಬುತ್ತಿದ್ದರು. ದೇವರ ಇಚ್ಛೆ ಎಂದುಕೊಂಡು, ಮೇಲಾಗಿ ಅವನಿಗೇ ರೊಟ್ಟಿ ತಿನ್ನಿಸಿ, ಮೆಟ್ರಿಯ ಬಸ್ ಹತ್ತುತ್ತಿದ್ದರು. ಅವನು ಬಾಯಿ ತೆರೆದ. ಹಣೆಯ ಮೇಲಿನ ವಿಭೂತಿ ಇನ್ನೂ ತಣ್ಣಗಿತ್ತು. ಆ ಸುಳ್ಳು ಹೊರಗೆ ಬರಲಿಲ್ಲ.

'ನನ್ನ ಸ್ಕ್ಯಾನರ್ ನಡೆಯಂಗಿಲ್ಲವ್ವ,' ಎಂದ. 'ಎಂದೂ ನಡದಿಲ್ಲ.'

ಹೊಳೆಮ್ಮನಿಗೆ ತಿಳಿಯಲಿಲ್ಲ. ಗಾಯತ್ರಿಗೆ ತಿಳಿಯಿತು. ಅವಳು ಕತ್ತೆತ್ತಿ ಬೋರ್ಡನ್ನು ಮತ್ತೊಮ್ಮೆ ಓದಿದಳು. ಅವಳು ಬೈದಿದ್ದರೆ ಮಲ್ಲೇಶನಿಗೆ ಎಷ್ಟೋ ಹಗುರಾಗುತ್ತಿತ್ತು.

'ಬರ್ರಿ' ಎಂದು ಕವರನ್ನು ಹಿಡಿದು ಅವನು ರಸ್ತೆಗೆ ಇಳಿದ. ಎಷ್ಟು ಅಗಲ ಆ ರಸ್ತೆ? ಆವತ್ತು ಮಲ್ಲೇಶನಿಗೆ ಸಂಡೂರಿನ ದಾರಿಯೇ ಹತ್ತಿರವೆನ್ನಿಸಿತು. ಚಹಾದ ಹೋಟೆಲಿನವರು ನೋಡುತ್ತಿದ್ದರು. ಹಿಂದೆ ತಾಯಿ, ಮಗಳು, ಅಂಗಡಿ ಹಾಗೇ ಬಿಟ್ಟು ಸುನಿತಾ. ಮೆಟ್ಟಿಲು ಹತ್ತುವಾಗ ಕಾಲು ತಾನಾಗಿ ಚಪ್ಪಲಿ ಕಳಚಿತು. ಆ ಅಂಗಡಿಯಲ್ಲಿ ಕೆಲಸಕ್ಕಿದ್ದ ದಿನಗಳ ರೂಢಿ.

ಪಂಪಣ್ಣ ಕನ್ನಡಕ ಕೆಳಗಿಳಿಸಿ ನೋಡಿದ. ಕೆಂಪು ಬೊಂಬೆಯಂತೆ ನಿಂತವನನ್ನು ಗುರುತಿಸಲು ಒಂದು ಗಳಿಗೆ ಬೇಕಾಯಿತು. 'ಬಾ ಮಲ್ಲೇಶಿ' ಎಂದ, ನಿನ್ನೆಯಷ್ಟೇ ಕೆಲಸ ಮುಗಿಸಿ ಹೋದವನನ್ನು ಕರೆದಂತೆ.

'ಅಣ್ಣಾ, ಇವ್ರ ಸರ್ಟಿಫಿಕೇಟ್. ಐದರೊಳಗ ಮೇಲ್ ಮಾಡ್ಬೇಕು.'

ಪಂಪಣ್ಣ ಗಡಿಯಾರ ನೋಡಿದ, ಕವರು ತೆಗೆದುಕೊಂಡ, ತನ್ನ ಕುರ್ಚಿ ಬಿಟ್ಟು ಎದ್ದ. 'ನೀ ಕುಂದ್ರು, ನಿಂಗ ಟೈಪ್ ಜಲ್ದಿ ಬರ್ತೈತಿ. ನಾ ಹಾಳಿ ಇಡ್ತೀನಿ.'

ಮಲ್ಲೇಶ ಕುಳಿತ. ಕುಳಿತವನ ಕೈ ಕೀಬೋರ್ಡಿನ ಮೇಲೆ ಹಾಗೇ ನಿಂತಿತು. ಪರದೆಯ ಬಣ್ಣ ಕಂದು. ಮೇಲೆ ಸಾಲಾಗಿ, ತನ್ನ ಕಂಪ್ಯೂಟರಿನಲ್ಲಿ ಅವನು ದಿನಬೆಳಗಾದರೆ ನೋಡುವ ಅದೇ ಮೂರು ಪದಗಳು, ಅದೇ ಗುರುತುಗಳು. ಲಿನಕ್ಸ್. ಪಂಪಣ್ಣನ ಅಂಗಡಿಯಲ್ಲಿ.

'ಅಣ್ಣಾ, ಇದು...'

'ನೀ ಬಿಟ್ಟು ಹೋದ ಸಿ.ಡಿ.ನ. ಡ್ರಾದಾಗ ಬಿದ್ದಿದ್ವು,' ಎಂದು ಪಂಪಣ್ಣ ಸ್ಕ್ಯಾನರಿನ ಮುಚ್ಚಳ ತೆರೆದು ಮೊದಲ ಸರ್ಟಿಫಿಕೇಟನ್ನು ಗಾಜಿನ ಮೇಲೆ ಮಲಗಿಸಿದ. 'ಮೊದಲು ಕೆಲಸ ಮುಗಸು.'

ಗುಂಡಿ ಒತ್ತಿದೊಡನೆ ಮುಚ್ಚಳದಡಿ ಬೆಳಕು ಹರಿಯಿತು. ಗಾಯತ್ರಿಯ ಹೆಸರು, ಅವಳ ಅಂಕಗಳು, ಕಾಲೇಜಿನ ನೀಲಿ ಮುದ್ರೆ ಎಲ್ಲ ಪರದೆಯ ಮೇಲೆ ಇಳಿದುಬಂದವು. ಒಂದಾದ ಮೇಲೆ ಒಂದು. ಗಾಯತ್ರಿ ಮೇಲ್ ವಿಳಾಸ ಹೇಳಿದಳು, ಮಲ್ಲೇಶ ಹೊಡೆದ. ಮೇಲ್ ಹೋಯಿತು ಎಂದು ಬಂದಾಗ ಗೋಡೆಯ ಗಡಿಯಾರ ಇನ್ನೂ ಐದು ಬಾರಿಸಿರಲಿಲ್ಲ. ಹುಡುಗಿ ಕುಸಿದಂತೆ ಸ್ಟೂಲಿನ ಮೇಲೆ ಕುಳಿತಳು. ಸುನಿತಾ ಅವಳ ಬೆನ್ನು ಸವರಿದಳು. ಆಸ್ಪತ್ರೆಯ ನಂಬರಿಗೆ ಫೋನ್ ಮಾಡಿ ಬಂತೇ ಎಂದು ಕೇಳಿದಾಗ ಅಲ್ಲಿನವರು, ಬಂದಿದೆ, ಸೋಮವಾರ ಬಾರಮ್ಮ ಎಂದರು. ಹೊಳೆಮ್ಮ ಗೋಡೆಯ ಮೇಲಿನ ದೇವರ ಪಟಕ್ಕೆ ಕೈಮುಗಿದಳು.

ಮಲ್ಲೇಶ ಈಗ ಕತ್ತೆತ್ತಿದ. ಎತ್ತಿದೊಡನೆ ಎದುರಿಗೆ ತನ್ನ ಬೋರ್ಡು. ಬರೆಸಿದಾಗ ಪೇಂಟರಿನ ಪಕ್ಕ ನಿಂತು ನೋಡಿದ್ದ, ಕೆಳಗೆ ರಸ್ತೆಯಲ್ಲಿ ನಿಂತು ನೋಡಿದ್ದ. ಈ ಕುರ್ಚಿಯಲ್ಲಿ ಕುಳಿತು ನೋಡಿರಲಿಲ್ಲ. ಇಲ್ಲಿಂದ ಅದು ಸರಿಯಾಗಿ ಕಣ್ಣಿನ ಮಟ್ಟಕ್ಕಿತ್ತು. ಕಳ್ಳ ಎಂಬ ಅಕ್ಷರಗಳು ಉಳಿದವುಗಳಿಗಿಂತ ದಪ್ಪ. ಗಿರಾಕಿ ಇಲ್ಲದ ಹೊತ್ತಿನಲ್ಲಿ, ಊಟದ ಹೊತ್ತಿನಲ್ಲಿ, ರಜೆಗೆ ಬಂದ ಪಂಪಣ್ಣನ ಮಗಳು ಪೂಜಿತಾ ಅಪ್ಪನಿಗೆ ಬುತ್ತಿ ತಂದ ಹೊತ್ತಿನಲ್ಲಿ, ಈ ಮನುಷ್ಯ ಅದನ್ನು ನೋಡುತ್ತ ಕುಳಿತಿದ್ದಾನೆ.

'ಅಣ್ಣಾ, ಬೋರ್ಡು...' ಎಂದ.

'ದಿನಾ ಓದ್ತೀನಿ,' ಎಂದ ಪಂಪಣ್ಣ. 'ಮೊದಮೊದಲು ಸಿಟ್ಟು ಬಂತು, ಸುಳ್ಳು ಯಾಕ ಹೇಳ್ಲಿ. ಆಮ್ಯಾಲ ಓದಿ ಓದಿ, ಖರೆ ಅಲ್ಲೇನು ಅನ್ನಿಸ್ತು. ಕಳ್ಳ ಮಾಲು ಕಳ್ಳ ಮಾಲ. ನಮ್ಮ ಪೂಜಿತಾ ಕಾಲೇಜಿನಿಂದ ರಜಾಕ ಬಂದಾಗ ಲಿನಕ್ಸ್ ಹಾಕ್ಸಿದೆ. ನಂಗೂ ಸ್ಕ್ಯಾನ್ ಬರಲಿಲ್ಲ ನೋಡು. ಸ್ಕ್ಯಾನರಿನ ಗುಂಪು ಅಂತ ಒಂದು ಇರ್ತೈತಂತ, ಅದಕ್ಕ ನಮ್ಮ ಹೆಸರು ಸೇರಿಸ್ಬೇಕಂತ. ದೋಣಿಮಲೈ ಗಣಿ ಗೇಟಿನಾಗ ಹೆಸರಿಲ್ದವ್ನ ಒಳಗ ಬಿಡಂಗಿಲ್ಲಲ್ಲ, ಹಂಗ. ನಂಗೇನೂ ತಿಳ್ಯಂಗಿಲ್ಲ, ಅಕೀ ಮಾಡಿದ್ಲು. ರಾತ್ರಿ ಅಕೀಗೆ ಫೋನ್ ಹಚ್ಚಿ ಕೊಡ್ತೀನಿ, ಕೇಳ್ಕೊ.'

ಮಲ್ಲೇಶ ಅವನ ಮುಖದಲ್ಲಿ ಕುಹಕವನ್ನು ಹುಡುಕಿದ. ಒಂದಿಷ್ಟಾದರೂ ಇದ್ದಿದ್ದರೆ ಸಿಟ್ಟು ಮಾಡಿಕೊಂಡು ಎದ್ದು ಹೋಗಬಹುದಿತ್ತು. ಇರಲಿಲ್ಲ.

'ನಂದು ನಡೆಯಂಗಿಲ್ಲ ಅಂತ ನಿಮಗ ಗೊತ್ತಿತ್ತೇನ್ರಿ?' ಎಂದು ಸಣ್ಣ ದನಿಯಲ್ಲಿ ಕೇಳಿದ.

ಪಂಪಣ್ಣನೂ ದನಿ ತಗ್ಗಿಸಿದ. 'ಎದುರಿಗೇ ಕುಂತೀನಲ್ಲೋ. ಸ್ಕ್ಯಾನಿಗೆ ಬಂದವ್ರು ಕಾಗದ ಬಿಟ್ಟು ಹೋಗ್ತಾರ, ನೀ ಸಂಜಿ ಬೈಕ್ ಹತ್ತತಿ. ಇವತ್ತಿಲ್ಲ ನಾಳೆ ಕೇಳಾಕ ಬರ್ತಿ ಅಂತ ನೋಡ್ತಿದ್ದೆ.'

ಅಷ್ಟರಲ್ಲಿ ಹೊಳೆಮ್ಮ ಗಂಟಿನಿಂದ ನೋಟು ತೆಗೆದು ಪಂಪಣ್ಣನ ಮುಂದೆ ಹಿಡಿದಳು. ಪಂಪಣ್ಣ ಕೈ ಚಾಚಲಿಲ್ಲ. ಸುನಿತಾಳ ಕಡೆ ತಿರುಗಿ, 'ಬೆಳಿಗ್ಗೆ ನಿಮ್ಮ ಬಾಗಿಲಿಗೆ ಮೊದಲು ಬಂದವ್ರು ಇವರಾ ಅಲ್ಲೇನವ್ವ? ನಾ ನೀರು ಹಾಕ್ತಿದ್ದೆ, ನೋಡಿದೆ' ಎಂದ.

'ಹೌದ್ರಿ,' ಎಂದಳು ಸುನಿತಾ. 'ಇವ್ರ ಬೋಣಿ ರೊಕ್ಕ ಇನ್ನೂ ಬಂದಿಲ್ಲ.'

'ಹಂಗಾದ್ರ ಇದು ನಂದಲ್ಲ. ಅವಗ ಕೊಡವ್ವ. ಅವನ ಬೋಣಿ.'

ಬ್ಯಾಡ್ರಿ ಎನ್ನಲು ಮಲ್ಲೇಶನ ಬಾಯಿ ತೆರೆಯಿತು. ಆದರೆ ಬೋಣಿಯನ್ನು ಒಲ್ಲೆ ಎನ್ನಬಾರದೆಂದು ಇದೇ ಅಂಗಡಿಯಲ್ಲಿ, ಇದೇ ಕುರ್ಚಿಯ ಪಕ್ಕ ನಿಲ್ಲಿಸಿಕೊಂಡು ಅವನಿಗೆ ಹೇಳಿಕೊಟ್ಟವನು ಎದುರಿಗೇ ಇದ್ದ. ಹೊಳೆಮ್ಮ ನೋಟನ್ನು ಅವನ ಅಂಗೈಯಲ್ಲಿಟ್ಟು, ತನ್ನ ಎರಡೂ ಕೈಗಳಿಂದ ಆ ಕೈಯನ್ನು ಮುಚ್ಚಿದಳು. 'ನಿನ್ನ ಅಂಗಡಿ ಚಲೋ ನಡೀಲಿ ತಮ್ಮ' ಎಂದಳು. ಮನಸ್ಸಿನಿಂದಲೇ ಅಂದಳು.

ಎಲ್ಲರೂ ಅವನನ್ನೇ ನೋಡುತ್ತಿದ್ದರು. ಮಲ್ಲೇಶ ಆ ನೋಟನ್ನು ಎತ್ತಿ, ಧೂಳು ತುಂಬಿದ ಎರಡೂ ಕಣ್ಣುಗಳಿಗೆ ಒತ್ತಿಕೊಂಡ. ಒಂದು ಗಳಿಗೆ ಒತ್ತಿ ತೆಗೆಯುವುದು ವಾಡಿಕೆ. ಅವನು ತೆಗೆಯಲಿಲ್ಲ. ತೆಗೆದರೆ ಎದುರಿಗೆ ಬೋರ್ಡು ಕಾಣುತ್ತಿತ್ತು.